ನಾಲ್ಕೂವರೆ ವರ್ಷದ ಮಗ ಸ್ಕೂಲಲ್ಲಿ ಕಚ್ಚುತ್ತಾನೆ, ಗೇಟಿನ ಹತ್ತಿರ ನಡುಗುತ್ತಾನೆ. ಏನು ಮಾಡಲಿ?

ನೇರಳೆಹಣ್ಣು
ಉದ್ದ ಪೋಸ್ಟ್, ಬೈಯಬೇಡಿ. ರಾತ್ರಿ ಹನ್ನೊಂದಾಗಿದೆ, ಅವನು ಈಗಷ್ಟೇ ಮಲಗಿದ.

ನಮ್ಮದು ತುಮಕೂರು. ಮಗನಿಗೆ ನಾಲ್ಕು ವರ್ಷ ಎಂಟು ತಿಂಗಳು. ಮನೆಯಲ್ಲಿ ಚಿನ್ನು ಅನ್ನುತ್ತೇವೆ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಅಷ್ಟರಲ್ಲೇ ಮೂರು ಸಲ ಫೋನ್ ಬಂದಿದೆ. ಮೊದಲ ಸಲ ಒಂದು ಹುಡುಗಿಯ ಕೈ ಕಚ್ಚಿದ್ದ. ಹಲ್ಲಿನ ಗುರುತು ಮೂಡಿತ್ತು, ಅವರಮ್ಮನ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ. ಎರಡನೇ ಸಲ ಸ್ಲೇಟು ಬೀಸಿ ಎಸೆದಿದ್ದ. ಮೊನ್ನೆ ಶುಕ್ರವಾರ ವಾರ್ಷಿಕೋತ್ಸವದ ಪ್ರಾಕ್ಟೀಸಿಗೆ ದೊಡ್ಡ ಸ್ಪೀಕರ್ ಹಾಕಿದ್ದಾರೆ. ಇವನು ಬೆಂಚಿನ ಕೆಳಗೆ ನುಗ್ಗಿ ಕಿವಿ ಮುಚ್ಚಿಕೊಂಡನಂತೆ. ಎಳೆದು ತೆಗೆಯಲು ಹೋದ ಆಯಾಗೆ ಒದ್ದಿದ್ದಾನೆ. "ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ" ಅಂದರು.

ಇದೇ ಹುಡುಗ ಬೆಳಿಗ್ಗೆ ಏಳೂವರೆಯಾದರೆ ಹೊಟ್ಟೆ ನೋವು ಅನ್ನುತ್ತಾನೆ. ವಾರಕ್ಕೆರಡು ದಿನ ವಾಂತಿ. ಭಾನುವಾರ ಮಾತ್ರ ಹೊಟ್ಟೆ ಸರಿಯಾಗಿರುತ್ತದೆ. ಗೇಟಿನ ಹತ್ತಿರ ನನ್ನ ವೇಲು ಹಿಡಿದರೆ ಬಿಡಿಸಲು ಇಬ್ಬರು ಬೇಕು. ಮನೆಯಲ್ಲಿ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಮಿಕ್ಸಿ ಹಾಕುವ ಮೊದಲು ಅವನಿಗೆ ಹೇಳಬೇಕು. ಕೇಳಿದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಅರ್ಧ ಗಂಟೆ ರಂಪ.

ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಯಜಮಾನರು "ನೀನೇ ಮುದ್ದು ಮಾಡಿ ಕೆಡಿಸಿದೆ" ಅನ್ನುತ್ತಾರೆ. ಹೋದ ವಾರ ತಡೆಯಲಾಗದೆ ನಾನೂ ಎರಡು ಬಾರಿಸಿದೆ. ಮಾರನೆಯ ದಿನ ಅವನು ಕರಡಿ ಗೊಂಬೆಗೆ ಹೊಡೆಯುತ್ತಿದ್ದ. ನಾನು ಆಡಿದ ಮಾತುಗಳೇ, ನನ್ನದೇ ರಾಗ.

ಇದು ತುಂಟತನವಾ, ಕಾಯಿಲೆಯಾ? ದೊಡ್ಡವನಾದಂತೆ ತಾನಾಗೇ ಸರಿ ಹೋಗುತ್ತಾ? ಡಾಕ್ಟರ್ ಹತ್ತಿರ ಹೋದರೆ ಏನಾದರೂ ಹೆಸರು ಅಂಟಿಬಿಡುತ್ತಾ?

ಹಳೇಸ್ಕೂಟರ್
ನಮ್ಮ ಕಾಲದಲ್ಲಿ ಇದಕ್ಕೆಲ್ಲ ಒಂದೇ ಔಷಧಿ. ಹುಣಸೆ ಬರಲು. ಒಂದು ಮನೆಯಲ್ಲಿ ಎಂಟು ಮಕ್ಕಳು, ಯಾರಿಗೂ ಹೊಟ್ಟೆ ನೋವು ಬರುತ್ತಿರಲಿಲ್ಲ. ನಾನು ಹೊಡೆತ ತಿಂದೇ ಸರಿ ಹೋದವನು.

ಕಡಲತಡಿ
ಸರಿ ಹೋದಿರಾ ಸರ್? ಮೊನ್ನೆ ನೀರಿನ ಬಿಲ್ಲಿನ ಚರ್ಚೆಯಲ್ಲಿ ಒಂದೇ ರಾತ್ರಿ ಎಷ್ಟು ಜನಕ್ಕೆ ಬೈದಿದ್ದೀರಿ ಅಂತ ಎಣಿಸಿದ್ದೇನೆ.

ಹಳೇಸ್ಕೂಟರ್
ಆ ಬಿಲ್ಲು ತಪ್ಪೇ ಇತ್ತು.

ಬೆಳ್ಳುಳ್ಳಿಒಗ್ಗರಣೆ
ನೇರಳೆಹಣ್ಣು ಅವರೇ, ಮೊದಲು ಊಟ ಮಾಡಿ ಮಲಗಿ. ಆಮೇಲೆ ಇದನ್ನು ಓದಿ.

ನನ್ನ ಮಗನಿಗೆ ಈಗ ಒಂಬತ್ತು. ನಾಲ್ಕು ವರ್ಷದಲ್ಲಿ ಅವನು ನಮ್ಮ ಬೀದಿಯ ಭಯೋತ್ಪಾದಕ. ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆವು. ಮಗುವಿಗೆ ಏನೋ ಸಿರಪ್ ಕೊಡುತ್ತಾರೆ ಅಂತ ಆಸ್ಪತ್ರೆಗೆ ಹೋದೆ. ಹೋಂವರ್ಕ್ ಕೊಟ್ಟಿದ್ದು ನನಗೆ! ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಕೆಟ್ಟ ಅಮ್ಮ ಅಂತ ತೀರ್ಮಾನ ಮಾಡಿಬಿಟ್ಟರು ಅನ್ನಿಸಿತು. ಆ ಮೇಡಂ ಒಂದು ಮಾತು ಹೇಳಿದರು: "ಮಗು ನನ್ನ ಹತ್ತಿರ ವಾರಕ್ಕೆ ಒಂದು ಗಂಟೆ ಇರುತ್ತದೆ. ಮಿಕ್ಕ ಗಂಟೆಯೆಲ್ಲ ನಿಮ್ಮ ಹತ್ತಿರ. ಯಾರಿಗೆ ಕಲಿಸಿದರೆ ಲಾಭ?"

ಎರಡು ಕೆಲಸ ಹೇಳಿದರು. ಒಂದು, ಒಂದು ನೋಟ್‌ಬುಕ್ ಇಡಿ. ರಂಪಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವು ಏನು ಮಾಡಿದಿರಿ. ಮೂರೇ ಕಾಲಂ. ಇನ್ನೊಂದು, ದಿನಕ್ಕೆ ಐದು ನಿಮಿಷ ಅವನ ಜೊತೆ ಆಟ. ಅವನು ಹೇಳಿದ ಆಟ. ಫೋನ್ ದೂರ. ಬರೀ ಐದು ನಿಮಿಷ ಅಂತ ನಕ್ಕಿದ್ದೆ. ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ರಾಗಿಮುದ್ದೆ
ಸಕ್ಕರೆ ನಿಲ್ಲಿಸಿ. ಬಿಸ್ಕತ್ತು, ಚಾಕಲೇಟು ನಿಲ್ಲಿಸಿದರೆ ಅರ್ಧ ಹಠ ಕಡಿಮೆ.

ನೀಲಿಕನ್ನಡಕ
ಹಲ್ಲಿಗೆ ಒಳ್ಳೆಯದು, ನಿಲ್ಲಿಸಿ. ಹಠಕ್ಕೆ ಅಲ್ಲ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಅನ್ನುವುದನ್ನು ಹಲವು ಪ್ರಯೋಗ ಮಾಡಿ ನೋಡಿದ್ದಾರೆ. 1995ರಲ್ಲಿ ಅವನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಸಂಬಂಧವೇ ಕಾಣಲಿಲ್ಲ. ಹುಟ್ಟುಹಬ್ಬದ ಮನೆಯಲ್ಲಿ ಕುಣಿಯುವುದು ಕೇಕಿನಿಂದಲ್ಲ, ಅಲ್ಲಿ ಇಪ್ಪತ್ತು ಮಕ್ಕಳು ಸೇರಿರುವುದರಿಂದ.

ರಾಗಿಮುದ್ದೆ
ನಮ್ಮ ಮನೆಗೆ ಬಂದು ನೋಡಿ ಮೇಡಂ, ಆಮೇಲೆ ಹೇಳಿ.

ನೀಲಿಕನ್ನಡಕ
ಬರುತ್ತೇನೆ, ಮುದ್ದೆ ಮಾಡಿರಿ :)

ನೇರಳೆಹಣ್ಣು, ನಾನು ಮೈಸೂರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಮಗುವನ್ನು ನೋಡದೆ ಇಲ್ಲಿ ಕಾಯಿಲೆ ಹೆಸರು ಹೇಳುವುದಿಲ್ಲ, ಯಾರೂ ಹೇಳಬಾರದು. ಆದರೆ ನೀವು ಬರೆದದ್ದರಲ್ಲೇ ಒಂದು ವಿಷಯ ಇದೆ. ಕಚ್ಚುವ ಚಿನ್ನು ಬೇರೆ, ನಡುಗುವ ಚಿನ್ನು ಬೇರೆ ಅಂದುಕೊಂಡಿದ್ದೀರಿ. ಸ್ಪೀಕರ್ ಕೂಗಿದಾಗ ಅವನು ಮೊದಲು ಅವಿತುಕೊಂಡ. ಅಲ್ಲಿಂದಲೂ ಎಳೆದಾಗ ಒದ್ದ. ಹೆದರಿದ ಬೆಕ್ಕನ್ನು ಮೂಲೆಗೆ ತಳ್ಳಿದರೆ ಏನು ಮಾಡುತ್ತದೆ? ಒದೆ ಮಾತ್ರ ಸ್ಕೂಲಿನವರ ಕಣ್ಣಿಗೆ ಬಿತ್ತು. ಹೆದರಿಕೆ ಬೆಂಚಿನ ಕೆಳಗೇ ಉಳಿಯಿತು.

ಇನ್ನೊಂದು, ಸುಮ್ನೆ ಓದಿ, ಬೇಜಾರು ಮಾಡಿಕೊಳ್ಳಬೇಡಿ. ಮಗು ಕಿರುಚುತ್ತದೆ, ನಾವು ಸಾಕಪ್ಪಾ ಅಂತ ಕೊಟ್ಟುಬಿಡುತ್ತೇವೆ, ಕಿರುಚುವುದು ನಿಲ್ಲುತ್ತದೆ. ಮಗು ಕಲಿತದ್ದು: ಕಿರುಚಿದರೆ ಸಿಗುತ್ತದೆ. ನಾವು ಕಲಿತದ್ದು: ಕೊಟ್ಟರೆ ನೆಮ್ಮದಿ. ಮರುದಿನ ಇಬ್ಬರೂ ಅದೇ ಪಾಠ ಒಪ್ಪಿಸುತ್ತೇವೆ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಅನ್ನುವವರು ಮನೆಮನೆಗೆ ಜನ ಕಳಿಸಿ, ಕೂತು ಗಮನಿಸಿ, ಈ ಸುತ್ತನ್ನು ತೋರಿಸಿದರು. ಹೆದರಿಕೆಗೂ ಇದೇ ಲೆಕ್ಕ. ಹೊಟ್ಟೆ ನೋವು, ರಜೆ, ಹೊಟ್ಟೆ ಸರಿ. ನಾಳೆ ಗೇಟು ಇನ್ನೂ ದೊಡ್ಡದಾಗಿ ಕಾಣುತ್ತದೆ.

ನೇರಳೆಹಣ್ಣು
ಅಯ್ಯೋ. ಸೋಮವಾರ ಮಾತ್ರ ರಜೆ ಹಾಕಿಸುತ್ತಿದ್ದೆ. ಈಚೆಗೆ ಸೋಮವಾರದ ನೋವು ಬುಧವಾರಕ್ಕೂ ಬಂದಿದೆ. ಆದರೆ ವಾಂತಿ ನಿಜವಾಗಿಯೂ ಆಗುತ್ತದೆ, ನಾಟಕ ಅಲ್ಲ.

ನೀಲಿಕನ್ನಡಕ
ನಾಟಕ ಅಂತ ನಾನೂ ಹೇಳಲಿಲ್ಲ. ಪರೀಕ್ಷೆ ದಿನ ನಿಮಗೆ ಹೊಟ್ಟೆ ಕಿವುಚುತ್ತಿರಲಿಲ್ಲವಾ? ನೋವು ನಿಜ, ಕಾರಣ ಹೊಟ್ಟೆಯಲ್ಲಿ ಇಲ್ಲದಿರಬಹುದು. ಆದರೂ ಮಕ್ಕಳ ಡಾಕ್ಟರಿಗೆ ಒಂದು ಸಲ ತೋರಿಸಿ. ಮಲಬದ್ಧತೆ ಇದ್ದರೂ ಹೀಗೇ ಆಗಬಹುದು. ಕಿವಿ ಕೂಡ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಕ್ಕಳನ್ನು "ಮಾತೇ ಕೇಳುವುದಿಲ್ಲ" ಅಂತ ಬೈದ ಮನೆಗಳನ್ನು ಬಹಳ ನೋಡಿದ್ದೇನೆ.

ಹುಬ್ಬಳ್ಳಿಮಂದಿ
ನಮ್ಮ ಮಗಳ ಕಥೆ ಕೇಳಿರಿ. ಅವಳು ಯಾರನ್ನೂ ಕಚ್ಚಲಿಲ್ಲ, ಏನನ್ನೂ ಎಸೆಯಲಿಲ್ಲ. ಎರಡು ವರ್ಷ ಸ್ಕೂಲಲ್ಲಿ ಒಂದು ಅಕ್ಷರ ಮಾತಾಡಲಿಲ್ಲ ರೀ. ಮನೆಯಲ್ಲಿ ರೇಡಿಯೋ. ಸ್ಕೂಲಿನವರು ಅವಳಿಗೆ ಶಿಸ್ತಿನ ವಿದ್ಯಾರ್ಥಿನಿ ಅಂತ ಸರ್ಟಿಫಿಕೇಟು ಕೊಟ್ಟಿದ್ದರು! ಗೋಡೆಗೆ ಹಾಕಿದ್ದೆ ನಾನು. ಯುಕೆಜಿಯಲ್ಲಿ ಒಂದು ದಿನ ಬಚ್ಚಲಿಗೆ ಹೋಗಬೇಕು ಅಂತ ಕೇಳಲಾಗದೆ ಚಡ್ಡಿಯಲ್ಲೇ ಮಾಡಿಕೊಂಡಳು. ಆಗ ನಮಗೆ ಎಚ್ಚರ ಆಯಿತು.

ಕಚ್ಚುವ ಮಗುವಿನ ಮನೆಗೆ ಫೋನ್ ಬರುತ್ತದೆ. ಸುಮ್ಮನಿರುವ ಮಗುವಿಗೆ ಬಹುಮಾನ ಬರುತ್ತದೆ. ನಿಮ್ಮ ಹುಡುಗ ಒದ್ದು ನಿಮಗೆ ಬೇಗ ಸುದ್ದಿ ಮುಟ್ಟಿಸಿದ ಅಂದುಕೊಳ್ಳಿರಿ.

ಮಲ್ಲಿಗೆಮೊಗ್ಗು
ಇದಕ್ಕೆ ಹೆಸರು ಏನು ಸರ್? ನನ್ನ ತಂಗಿಯ ಮಗಳು ಹೀಗೇ ಇದ್ದಾಳೆ. ನಾವು ನಾಚಿಕೆ ಅಂದುಕೊಂಡಿದ್ದೆವು.

ಹುಬ್ಬಳ್ಳಿಮಂದಿ
ಸೆಲೆಕ್ಟಿವ್ ಮ್ಯೂಟಿಸಂ ಅಂದರು. ಮಾತು ಬರುತ್ತದೆ, ಕೆಲವು ಜಾಗದಲ್ಲಿ ಗಂಟಲು ಕಟ್ಟುತ್ತದೆ. ಹಠವಲ್ಲ, ಅಂಜಿಕೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಹೇಳಿದಂತೆ ಮಾಡಿದೆವು. ಸ್ಕೂಲು ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ನಾನು, ಅವಳು ಇಬ್ಬರೇ ಚೌಕಾಬಾರ ಆಡುವುದು. ಅವಳು ನನ್ನ ಜೊತೆ ಮಾತಾಡುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಟೀಚರು ಬಾಗಿಲ ಹೊರಗೆ. ಆಮೇಲೆ ಬಾಗಿಲ ಒಳಗೆ, ಬೆನ್ನು ತಿರುಗಿಸಿ. ಆಮೇಲೆ ಆಟಕ್ಕೆ. ಎರಡೂವರೆ ತಿಂಗಳ ಮೇಲೆ ಟೀಚರಿಗೆ ಹೇಳಿದ ಮೊದಲ ಮಾತು "ನೀವು ಮೋಸ ಮಾಡಿದಿರಿ". ಟೀಚರು ಕಣ್ಣೀರು ಹಾಕಿಬಿಟ್ಟರು. ಮೋಸ ಮಾಡಿದ್ದು ನಿಜ, ಎರಡು ಮನೆ ಜಾಸ್ತಿ ನಡೆಸಿದ್ದರು.

ಮಲ್ಲಿಗೆಮೊಗ್ಗು
ಇವತ್ತೇ ತಂಗಿಗೆ ಕಳಿಸುತ್ತೇನೆ.

ಗುಬ್ಬಿಗೂಡು
ಸ್ಕೂಲಿನವರನ್ನು ಎಲ್ಲರೂ ಬೈಯುವ ಮೊದಲು ನನ್ನದೂ ಕೇಳಿ. ನಾನು ಎಲ್‌ಕೆಜಿ ಟೀಚರ್. ಒಂದು ಕೋಣೆಯಲ್ಲಿ 34 ಮಕ್ಕಳು, ನಾನು, ಒಬ್ಬರು ಆಯಾ. ಒಬ್ಬ ಕಚ್ಚಿದರೆ ಸಂಜೆ ಗೇಟಲ್ಲಿ ನನ್ನನ್ನು ಹಿಡಿಯುವುದು ಕಚ್ಚಿಸಿಕೊಂಡ ಮಗುವಿನ ಅಪ್ಪ. ಬಿ.ಎಡ್‌ನಲ್ಲಿ ಇದನ್ನು ಯಾರೂ ಕಲಿಸಲಿಲ್ಲ. "ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ" ಅನ್ನುವುದು ಮ್ಯಾನೇಜ್‌ಮೆಂಟಿನ ಮಾತು, ಟೀಚರಿನದಲ್ಲ ಅನ್ನಿಸುತ್ತದೆ. ಪ್ರಿನ್ಸಿಪಾಲರನ್ನು ಬಿಟ್ಟು ಕ್ಲಾಸ್ ಟೀಚರನ್ನು ಹತ್ತು ನಿಮಿಷ ಒಬ್ಬರೇ ಸಿಗಲು ಕೇಳಿ.

ನನ್ನ ಕ್ಲಾಸಿನಲ್ಲಿ ಕೆಲಸಕ್ಕೆ ಬಂದದ್ದು: ಅಂಥ ಮಗುವನ್ನು ಉಳಿದವರಿಗಿಂತ ಹತ್ತು ನಿಮಿಷ ಮುಂಚೆ ಕರೆದುಕೊಂಡು ಬರುವುದು. ಖಾಲಿ ಕ್ಲಾಸಿಗೆ ಬರುವ ಮಗು ಬೇರೆ, ಗದ್ದಲದ ಒಳಗೆ ತಳ್ಳಿಸಿಕೊಳ್ಳುವ ಮಗು ಬೇರೆ. ಬಂದ ತಕ್ಷಣ ಒಂದು ಕೆಲಸ. ಚಾಕ್‌ಪೀಸ್ ಡಬ್ಬಿ ತರುವುದು, ಹಾಜರಿ ಪುಸ್ತಕ ಹಿಡಿದುಕೊಳ್ಳುವುದು. ಮತ್ತೆ, ಏನಾದರೂ ಬದಲಾಗುವ ಮೊದಲು ಹೇಳುವುದು: "ಇನ್ನೆರಡು ಹಾಡು, ಆಮೇಲೆ ಊಟದ ಡಬ್ಬಿ."

ಅಂಗನವಾಡಿಅಕ್ಕ
ನಾವು ಅದನ್ನೇ ಹಾಡಿನಲ್ಲಿ ಮಾಡುತ್ತೇವೆ. ಕೈ ತೊಳೆಯಲು ಒಂದು ಹಾಡು, ಕೂರಲು ಒಂದು ಹಾಡು. ಹಾಡು ಶುರುವಾದರೆ ಮುಂದೇನು ಅಂತ ಮಕ್ಕಳಿಗೆ ಗೊತ್ತು.

ಹಾಸನ ಜಿಲ್ಲೆಯಲ್ಲಿ ನಾನು ಅಂಗನವಾಡಿ ಟೀಚರ್. ಆರ್‌ಬಿಎಸ್‌ಕೆ ತಂಡ ಅಂತ ಡಾಕ್ಟರ್ ಗಾಡಿ ವರ್ಷಕ್ಕೆ ಎರಡು ಸಲ ನಮ್ಮಲ್ಲಿಗೆ ಬರಬೇಕು. 2013ರಲ್ಲಿ ಶುರುವಾದ, ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ. ತೂಕ, ಹಲ್ಲು, ಕಣ್ಣು ಮಾತ್ರವಲ್ಲ, ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದೆಯಾ ಅಂತಲೂ ನೋಡುತ್ತಾರೆ. ಏನಾದರೂ ಕಂಡರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಕೇಂದ್ರಕ್ಕೆ, ಬರೆದುಕೊಡುತ್ತಾರೆ. ಖಾಸಗಿ ಸ್ಕೂಲಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಿ ತಂಗೀ.

ಆದರೆ ನಿಜ ಹೇಳಬೇಕಾ? ಆ ತಂಡ ನಮ್ಮಲ್ಲಿಗೆ ನೋಡಲು ಬಂದ ದಿನ ಮಕ್ಕಳೆಲ್ಲ ಸುಮ್ಮನೆ ಕೂತಿರುತ್ತಾರೆ. ಸೂಜಿ ಚುಚ್ಚುತ್ತಾರೆ ಅಂತ ಭಯ. ನಡವಳಿಕೆ ತೊಂದರೆ ಆ ಹತ್ತು ನಿಮಿಷದಲ್ಲಿ ಕಾಣುವುದಿಲ್ಲ. ನಾವೇ ಬಾಯಿ ಬಿಟ್ಟು ಹೇಳಬೇಕು.

ಡಲ್ಲಾಸ್‌ದೋಸೆ
ನಾವು ಟೆಕ್ಸಸ್‌ನಲ್ಲಿ ಇದೇ ದಾರಿಯಲ್ಲಿ ಹೋದವರು. ಮಗಳಿಗೆ ಆಗ ನಾಲ್ಕು. ಪಿಸಿಐಟಿ ಅಂತ ಒಂದು ಪದ್ಧತಿ. ಶೀಲಾ ಐಬರ್ಗ್ ಅನ್ನುವವರು 1970ರ ದಶಕದಲ್ಲಿ ಶುರು ಮಾಡಿದ್ದು. ಒಂದು ಕೋಣೆ, ಸ್ವಲ್ಪ ಆಟಿಕೆ, ನಾನು, ಮಗಳು. ಗೋಡೆಯಲ್ಲಿ ಕನ್ನಡಿ, ಅದರ ಆಚೆ ಥೆರಪಿಸ್ಟ್. ನನ್ನ ಕಿವಿಗೆ ಒಂದು ಪುಟ್ಟ ಇಯರ್‌ಫೋನ್. ಅವರು ಆ ಕಡೆಯಿಂದ ಹೇಳಿಕೊಡುತ್ತಾರೆ, ಡ್ರೈವಿಂಗ್ ಕಲಿಸಿದ ಹಾಗೆ.

ನಿಯಮ ಏನು ಗೊತ್ತಾ? ಐದು ನಿಮಿಷ ಆದೇಶ ಕೊಡಬಾರದು, ತಪ್ಪು ಹೇಳಬಾರದು, ಪ್ರಶ್ನೆ ಕೇಳಬಾರದು. ಅವಳು ಮಾಡುವುದನ್ನು ಕಾಮೆಂಟರಿ ತರಹ ಹೇಳಬೇಕು. "ಕೆಂಪು ಬ್ಲಾಕ್ ಮೇಲೆ ನೀಲಿ ಇಟ್ಟೆ." ಒಳ್ಳೆಯದು ಕಂಡರೆ ಇಂಥದ್ದಕ್ಕೆ ಅಂತ ಹೆಸರು ಹಿಡಿದು ಹೊಗಳಬೇಕು. ಮೊದಲ ದಿನ ಐದು ನಿಮಿಷದಲ್ಲಿ ನಾನು ಕೇಳಿದ ಪ್ರಶ್ನೆ 31. ಇದೇನು? ಯಾವ ಬಣ್ಣ? ಹಸುವಿಗೆ ಎಷ್ಟು ಕಾಲು? ಆಟ ಆಡಿಸುತ್ತಿದ್ದೇನೆ ಅಂದುಕೊಂಡಿದ್ದೆ, ಮಾಡುತ್ತಿದ್ದದ್ದು ವೈವಾ.

ಎರಡನೇ ಹಂತದಲ್ಲಿ ಮಾತು ಕೇಳಿಸುವುದು. ಒಂದು ಸಲಕ್ಕೆ ಒಂದೇ ಮಾತು, ಬೇಡಿಕೊಳ್ಳದೆ, ಕಿರುಚದೆ. "ಗೊಂಬೆ ಎತ್ತಿಡುತ್ತೀಯಾ ಪುಟ್ಟಾ?" ಅಲ್ಲ, "ಗೊಂಬೆಯನ್ನು ಡಬ್ಬಿಗೆ ಹಾಕು." ಮೊದಲನೆಯದು ಪ್ರಶ್ನೆ. ಅವಳು "ಇಲ್ಲ" ಅಂದರೆ ತಪ್ಪೇನು?

ಕಷ್ಟವಾದದ್ದು ಹೊಗಳಿಕೆ. ನಮ್ಮಲ್ಲಿ ಮಕ್ಕಳನ್ನು ಎದುರಿಗೆ ಹೊಗಳಬಾರದು ಅಂತ ಬೆಳೆಸಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿಸಿಕೊಂಡು, "ಅಷ್ಟೊಂದು ಹೊಗಳಬೇಡ, ದೃಷ್ಟಿಯಾಗುತ್ತೆ" ಅಂತ ಬೈದರು.

ಕಡಲತಡಿ
ಹೊಗಳಿ, ಆಮೇಲೆ ನೆಟಿಕೆ ಮುರಿಯಿರಿ. ಥೆರಪಿಯೂ ಆಯಿತು, ಅತ್ತೆಯೂ ಸಮಾಧಾನ.

ಅಜ್ಜಿಮನೆ
ನಗಬೇಡಿ ಮಗಾ. ನನಗೆ 67. ದೃಷ್ಟಿ ತೆಗೆಯುವಾಗ ಮಗುವನ್ನು ಎದುರಿಗೆ ಕೂರಿಸಿ, ಎರಡು ನಿಮಿಷ ಅದರ ಮುಖವನ್ನೇ ನೋಡುತ್ತೇವೆ, ತಲೆ ಸವರುತ್ತೇವೆ. ನೀವು ಹೇಳುವ ಐದು ನಿಮಿಷದಲ್ಲಿ ಎರಡು ಅಲ್ಲೇ ಬಂತು. ಆದರೆ ಗುಮ್ಮನನ್ನು ಕರೆಯುವುದು, ಪೊಲೀಸ್ ಬರುತ್ತಾನೆ ಅನ್ನುವುದು, ಅದನ್ನು ನಾವೂ ಮಾಡಿದ್ದೇವೆ, ಮಾಡಬಾರದಿತ್ತು. ಬಚ್ಚಲಿಗೆ ಒಬ್ಬನೇ ಹೋಗದ ಹುಡುಗನಿಗೆ ಯಾರಾದರೂ ಗುಮ್ಮನ ಕಥೆ ಹೇಳಿದ್ದಾರಾ, ಕೇಳಿ ನೋಡಮ್ಮ.

ನೇರಳೆಹಣ್ಣು
ಅಮ್ಮಾ, ಈಗಷ್ಟೇ ಕೇಳಿದೆ. ಊಟ ಮಾಡದಿದ್ದರೆ ಬಚ್ಚಲಿನ ಹಂಡೆ ಹಿಂದೆ ಇರುವವನು ಬರುತ್ತಾನೆ ಅಂತ ನಮ್ಮ ಯಜಮಾನರೇ ಹೇಳಿದ್ದಾರೆ! ಈಗ ಸೋಫಾ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ.

ಕಡಲತಡಿ
ಗುಮ್ಮ ಸಿಕ್ಕಿಬಿದ್ದ.

ವಕೀಲ್‌ಸಾಬ್
ಹೊಡೆಯುವ ವಿಷಯಕ್ಕೆ ಬರೋಣ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ 2009, 17ನೇ ಕಲಂ. ಸ್ಕೂಲಿನಲ್ಲಿ ದೈಹಿಕ ಶಿಕ್ಷೆಯೂ ಇಲ್ಲ, ಮಾನಸಿಕ ಹಿಂಸೆಯೂ ಇಲ್ಲ. ಎಲ್‌ಕೆಜಿಗೂ ಸೇರಿ.

ತಿದ್ದುಪಡಿ
ವಕೀಲರೇ, ಆರ್‌ಟಿಇ 6ರಿಂದ 14 ವರ್ಷದವರಿಗೆ ಅಲ್ವಾ? ಎಲ್‌ಕೆಜಿಯ ಮಗುವಿಗೆ 17ನೇ ಕಲಂ ನೇರವಾಗಿ ಹೇಗೆ ಬರುತ್ತದೆ?

ವಕೀಲ್‌ಸಾಬ್
ಒಪ್ಪಿದೆ, ಬೀಸಾಗಿ ಹೇಳಿಬಿಟ್ಟೆ. ಆದರೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ 18ರ ಒಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮಗುವನ್ನು ನೋಡಿಕೊಳ್ಳುವ ಜವಾಬ್ದಾರಿ ಇರುವವರು ಹಿಂಸಿಸಿದರೆ ಅಪರಾಧ.

ಹಳೇಸ್ಕೂಟರ್
ಈಗ ಅಪ್ಪ ಅಮ್ಮನನ್ನೂ ಜೈಲಿಗೆ ಹಾಕುತ್ತೀರಾ? ಹೊಡೆಯಬೇಡಿ, ಬೈಯಬೇಡಿ, ಹೆದರಿಸಬೇಡಿ. ಹಾಗಾದರೆ ಕಚ್ಚಿದಾಗ ಆರತಿ ಎತ್ತಬೇಕಾ?

ಬೆಳ್ಳುಳ್ಳಿಒಗ್ಗರಣೆ
ಸರ್, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ನಾನೂ ಕೇಳಿದ್ದೆ. ಕಚ್ಚಿದ ತಕ್ಷಣ ಬಿಡಿಸಿ, "ಕಚ್ಚುವುದಿಲ್ಲ" ಅಂತ ಒಂದೇ ಮಾತು. ಭಾಷಣ ಬೇಡ. ಮೊದಲು ಕಚ್ಚಿಸಿಕೊಂಡ ಮಗುವಿನ ಕಡೆ ಹೋಗಿ. ಕಚ್ಚಿದವನಿಗೆ ಎರಡು ಮೂರು ನಿಮಿಷ ಆಟ ಬಂದ್, ಒಂದು ಕುರ್ಚಿ, ನಿಮ್ಮ ಕಣ್ಣೆದುರೇ. ಮುಗಿದ ಮೇಲೆ ಮತ್ತೆ ಆಟ. ನಾವು ಮಾಡುತ್ತಿದ್ದದ್ದು ಏನು? ಕಚ್ಚಿದರೆ ಹತ್ತು ನಿಮಿಷ ಬೈಗುಳ, ಮನೆಮಂದಿಯೆಲ್ಲ ಸುತ್ತ ನಿಂತು. ಸುಮ್ಮನೆ ಆಡುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ತುಳಸಿಕಟ್ಟೆ
ಕುರ್ಚಿಯಲ್ಲಿ ಕೂರಿಸುವುದೂ ಹಿಂಸೆಯೇ. ಇನ್‌ಸ್ಟಾಗ್ರಾಂನಲ್ಲಿ ಈಗ ಎಲ್ಲರೂ ಹೇಳುತ್ತಾರೆ, ಟೈಮ್ ಔಟ್ ಅಂದರೆ ಮಗುವನ್ನು ತೊರೆದಂತೆ.

ನೀಲಿಕನ್ನಡಕ
ಕತ್ತಲೆ ಕೋಣೆಗೆ ಹಾಕುವುದು, ಬಚ್ಚಲಲ್ಲಿ ಚಿಲಕ ಹಾಕುವುದು ಹಿಂಸೆ. ಹೆದರುವ ಮಗುವಿಗೆ ಅದಂತೂ ವಿಷ. ಕಣ್ಣೆದುರು, ಶಾಂತವಾಗಿ, ಎರಡು ಮೂರು ನಿಮಿಷ ಕೂರಿಸುವುದು ಬೇರೆ. ಮುಖ್ಯ ಷರತ್ತು, ಮೊದಲು ಆ ಐದು ನಿಮಿಷದ ಆಟ ಕೆಲವು ವಾರ ನಡೆದಿರಬೇಕು. ಆಟವೇ ಇಲ್ಲದ ಮನೆಯಲ್ಲಿ ಆಟ ಬಂದ್ ಅಂದರೆ ಮಗುವಿಗೆ ಏನು ನಷ್ಟ? ಮತ್ತೆ, ಹೆದರಿ ಒದ್ದದ್ದಕ್ಕೆ ಕುರ್ಚಿ ಬೇಡ. ಅದಕ್ಕೆ ಧೈರ್ಯದ ಮೆಟ್ಟಿಲು ಬೇಕು, ಹುಬ್ಬಳ್ಳಿಯವರು ಖಾಲಿ ಕ್ಲಾಸಿನಲ್ಲಿ ಕಟ್ಟಿದಂಥದ್ದು.

ತುಳಸಿಕಟ್ಟೆ
ಹೆದರುವ ಮಕ್ಕಳಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಧಾನವೇ ಸಾಕು ಅಂತ ಓದಿದ್ದೇನೆ. ಮಗುವನ್ನು ಕರೆದುಕೊಂಡೇ ಹೋಗಬೇಕಿಲ್ಲ, ಅಪ್ಪ ಅಮ್ಮ ಹೋದರೆ ಸಾಕು. ಚಿಕ್ಕ ಮಕ್ಕಳಿಗೂ ಸಾಬೀತಾಗಿದೆ.

ನೀಲಿಕನ್ನಡಕ
ನೀವು ಹೇಳುತ್ತಿರುವುದು ಎಲಿ ಲೆಬೊವಿಟ್ಜ್ ಅವರ ಕೆಲಸ. ಒಳ್ಳೆಯದೇ. ಆದರೆ ಎಲ್ಲರೂ ಹೇಳುವ ಆ ಪ್ರಯೋಗದಲ್ಲಿ ಇದ್ದದ್ದು 7ರಿಂದ 14 ವರ್ಷದ ಮಕ್ಕಳು. ತಿರುಳು ಮಾತ್ರ ಚಿಕ್ಕವರಿಗೂ ಹೊಂದುತ್ತದೆ. ಮಗುವಿನ ಹೆದರಿಕೆಗೆ ಮನೆಯೇ ಬಗ್ಗಿ ನಡೆಯುವುದನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು. "ನಿನಗೆ ಭಯ ಆಗುತ್ತಿದೆ, ಗೊತ್ತು. ಆದರೂ ನಿನಗೆ ಆಗುತ್ತದೆ, ಅದೂ ಗೊತ್ತು." ಮೊದಲನೆಯದು ಬಿಟ್ಟರೆ ಗದರಿಕೆ, ಎರಡನೆಯದು ಬಿಟ್ಟರೆ ಮುದ್ದು.

ನೇರಳೆಹಣ್ಣು
ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಮಾತ್ರೆ ಕೊಡುತ್ತಾರಾ ಅನ್ನುವ ಭಯ ಇದೆ. ಯಾರೂ ಅದನ್ನು ಹೇಳಲಿಲ್ಲ.

ನೀಲಿಕನ್ನಡಕ
ಈ ವಯಸ್ಸಿಗೆ ಮೊದಲ ಹೆಜ್ಜೆ ಮಾತ್ರೆಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಆರು ತುಂಬುವ ಮೊದಲು ಅಪ್ಪ ಅಮ್ಮನಿಗೆ ತರಬೇತಿಯೇ ಮೊದಲು. ಹೆಸರು ಅಂಟುವ ವಿಷಯ: ಸ್ಕೂಲಿಗೆ ಪೂರ್ತಿ ಫೈಲ್ ಕೊಡಬೇಕಿಲ್ಲ. ಯಾವ ಅನುಕೂಲ ಬೇಕು ಅನ್ನುವ ಒಂದು ಪುಟದ ಪತ್ರ ಬರೆಸಿಕೊಳ್ಳಿ.

ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಹಿಡಿಯುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಅಲ್ಲಿಯವರೆಗೆ ಮಾತಾಡಲು 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತು, ಶ್ರವಣದ ಸಂಶಯ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ.

ಬೆಳ್ಳುಳ್ಳಿಒಗ್ಗರಣೆ
ಒಂದು ಎಚ್ಚರಿಕೆ. ಬೀದಿಗೊಂದು ಥೆರಪಿ ಸೆಂಟರ್ ಆಗಿದೆ. ನಮಗೆ ಒಂದು ಕಡೆ ಮಗುವನ್ನು ಅರ್ಧ ಗಂಟೆಯೂ ನೋಡದೆ ಮೂರು ತಿಂಗಳ ಪ್ಯಾಕೇಜ್ ಅಂದರು, ದುಡ್ಡು ಮುಂಗಡ. ಒಳಗೆ ಏನು ನಡೆಯುತ್ತದೆ ಅಂತ ನೋಡಲು ಬಿಡಲಿಲ್ಲ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಚಪ್ಪಲಿ ಹಾಕಿಕೊಂಡು ಬನ್ನಿ.

ರಾಗಿಮುದ್ದೆ
ಮೊಬೈಲ್ ಬಗ್ಗೆ ಯಾರೂ ಹೇಳಲಿಲ್ಲ. ಸಕ್ಕರೆಯಲ್ಲಿ ಸೋತೆ, ಇದರಲ್ಲಿ ಸೋಲುವುದಿಲ್ಲ.

ನೀಲಿಕನ್ನಡಕ
ಇದರಲ್ಲಿ ಗೆದ್ದಿರಿ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನೇರಳೆಹಣ್ಣು, ಚಿನ್ನು ಹನ್ನೊಂದಕ್ಕೆ ಮಲಗಿ ಏಳೂವರೆಗೆ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಲೆಕ್ಕ ನೀವೇ ಹಾಕಿ.

ನೇರಳೆಹಣ್ಣು (ಎರಡು ವಾರದ ನಂತರ)
ಸೋತೆ. ಐದು ನಿಮಿಷದ ಆಟ ದಿನವೂ ಮಾಡುತ್ತಿದ್ದೇನೆ. ರಂಪಕ್ಕೆ ಬಗ್ಗುತ್ತಿಲ್ಲ. ಮೊದಲು ಅರ್ಧ ಗಂಟೆ ಇದ್ದದ್ದು ನಿನ್ನೆ ಒಂದು ಗಂಟೆ ಹತ್ತು ನಿಮಿಷ. ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಅತ್ತೆ ಅತ್ತರು. ಇದು ಕೆಲಸ ಮಾಡುತ್ತಿಲ್ಲ.

ಡಲ್ಲಾಸ್‌ದೋಸೆ
ಬಿಡಬೇಡಿ!! ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ಮೊದಲು ಏನು ಮಾಡುತ್ತೀರಿ? ಇನ್ನೂ ಜೋರಾಗಿ ಒತ್ತುತ್ತೀರಿ, ಹಿಂದೆ ಎರಡು ಬಡಿಯುತ್ತೀರಿ. ಆಮೇಲೆ ತಾನೇ ಬಿಡುವುದು. ಅವನು ಈಗ ರಿಮೋಟ್ ಬಡಿಯುತ್ತಿದ್ದಾನೆ. ಒಂದು ಗಂಟೆ ಹತ್ತು ನಿಮಿಷದಲ್ಲಿ ಕೊಟ್ಟುಬಿಟ್ಟರೆ ನಾಳೆ ನೇರ ಅಲ್ಲಿಂದಲೇ ಶುರು.

ಅಜ್ಜಿಮನೆ
ಅತ್ತೆಯವರನ್ನು ಆ ಹೊತ್ತಿಗೆ ದೇವಸ್ಥಾನಕ್ಕೆ ಕಳಿಸಮ್ಮ. ನನ್ನಿಂದಲೂ ಅದನ್ನು ಕೇಳಿಸಿಕೊಂಡು ಇರಲು ಆಗುತ್ತಿರಲಿಲ್ಲ. ಸೊಸೆ ನನ್ನನ್ನು ಹಾಗೇ ಕಳಿಸುತ್ತಿದ್ದಳು. ಆಗ ಕೋಪ ಬರುತ್ತಿತ್ತು.

ನೇರಳೆಹಣ್ಣು (ಏಳು ವಾರದ ನಂತರ)
ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಕಿವಿ ಸರಿ ಇದೆ. ಹೊಟ್ಟೆ ಸರಿ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಬೆಂಗಳೂರಿಗೂ ಹೋಗಿ ಬಂದೆವು. ಯಜಮಾನರೂ ಬಂದರು. ಹೆದರಿಕೆ ಜಾಸ್ತಿ ಇರುವ ಮಗು, ಅಷ್ಟೇ ಸದ್ಯಕ್ಕೆ ಅಂದರು. ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಮಾತ್ರೆ ಇಲ್ಲ.

ನೋಟ್‌ಬುಕ್ ಕಥೆ ಹೇಳಲೇಬೇಕು. ಕ್ಲಾಸ್ ಟೀಚರನ್ನು ಒಬ್ಬರೇ ಸಿಕ್ಕಿ ಕೂತು ನೋಡಿದೆವು. ಆ ಹುಡುಗಿಯನ್ನು ಕಚ್ಚಿದ್ದು ಕೈ ತೊಳೆಯುವ ನಲ್ಲಿಯ ಸಾಲಿನಲ್ಲಿ. ಸ್ಲೇಟು ಎಸೆದದ್ದು ವ್ಯಾನಿನ ಸಾಲಿಗೆ ನಿಲ್ಲಿಸುವಾಗ. ಹಿಂದಿನಿಂದ ಮಕ್ಕಳು ತಳ್ಳುತ್ತಾರೆ, ಇವನಿಗೆ ಮುಂದೂ ಜಾಗ ಇಲ್ಲ, ಹಿಂದೂ ಇಲ್ಲ. ಐದು ತಿಂಗಳು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಈಗ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಬಾಗಿಲು ಮುಚ್ಚುವ ಕೆಲಸ ಅವನದು. ಅದಾದ ಮೇಲೆ ಒಂದೇ ಸಲ ಕಚ್ಚಿದ್ದು, ಅದೂ ಶರ್ಟಿನ ತೋಳು.

ಸೋಮವಾರ ಹೊಟ್ಟೆ ನೋವು ಈಗಲೂ ಇದೆ. ಆದರೆ ಹೋಗುತ್ತಾನೆ. ರಂಪ ದಿನ ಬಿಟ್ಟು ದಿನ, ಹತ್ತು ನಿಮಿಷ. ನಾನು ಒಂದು ದಿನ ಮತ್ತೆ ಕೈ ಎತ್ತಿದೆ, ಬರೆಯದಿದ್ದರೆ ಸುಳ್ಳಾಗುತ್ತದೆ. ಅತ್ತೆ ಈಗ ಐದು ನಿಮಿಷ ಆಟ ಆಡಿಸುತ್ತಾರೆ, ಪ್ರಶ್ನೆ ಕೇಳಿದರೆ ಅವನೇ "ಅಜ್ಜೀ, ಔಟ್" ಅನ್ನುತ್ತಾನೆ.

ಗುಬ್ಬಿಗೂಡು
ಸಾಲಿನ ವಿಷಯ ಓದಿ ನನ್ನ ಕ್ಲಾಸಿನ ಇಬ್ಬರು ನೆನಪಾದರು. ನಾಳೆಯೇ ನೋಡುತ್ತೇನೆ.

ಹಳೇಸ್ಕೂಟರ್
ಒಳ್ಳೆಯದಾಗಲಿ ಮಗಳೇ. ಹುಣಸೆ ಬರಲಿನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ನಾಲ್ಕು ವರ್ಷಕ್ಕೆ ಬೇಡ.

ಕಡಲತಡಿ
ಸ್ಕೂಟರ್ ಗೇರ್ ಬದಲಾಯಿಸಿತು, ಎಲ್ಲರೂ ಗಮನಿಸಿ. ವಾರ್ಷಿಕೋತ್ಸವ ಏನಾಯಿತು ನೇರಳೆಹಣ್ಣು?

ನೇರಳೆಹಣ್ಣು
ಸ್ಟೇಜಿಗೆ ಹೋಗಲಿಲ್ಲ. ಮೊದಲೇ ಟೀಚರ್ ಜೊತೆ ಮಾತಾಡಿದ್ದೆವು. ಮೊದಲ ಹಾಡಿಗೆ ಗೇಟಿನ ವಾಚ್‌ಮನ್ ಪಕ್ಕ ನಿಂತಿದ್ದ. ಮೂರನೇ ಹಾಡಿಗೆ ಕೊನೆಯ ಸಾಲಿನ ಕುರ್ಚಿಗೆ ಬಂದ, ಕಿವಿ ಮುಚ್ಚಿಕೊಂಡೇ. ರಾತ್ರಿ ಮನೆಯಲ್ಲಿ ಕನ್ನಡಿ ಮುಂದೆ ಒಂದು ಡ್ಯಾನ್ಸ್ ಪೂರ್ತಿ ಮಾಡಿದ. ಅಷ್ಟು ದಿನ ಬೆಂಚಿನ ಕೆಳಗಿಂದ ಎಲ್ಲ ನೋಡಿಕೊಂಡಿದ್ದಾನೆ!

ಕಡಲತಡಿ
ಯಾವ ಹಾಡು?

ನೇರಳೆಹಣ್ಣು
ಗೊತ್ತಿಲ್ಲ. ಪ್ರಶ್ನೆ ಕೇಳಬಾರದಲ್ವಾ.